ಹೆಸರಿಗೆ ವಾರಸುದಾರರು ಯಾರು?

ಅಪ್ಪ ಕಟ್ಟಿದ ಅಂಗಡಿಯ ಹೆಸರಿಗಾಗಿ ಮಕ್ಕಳು ಕೋರ್ಟು ಹತ್ತುವುದು ನಮಗೆ ಹೊಸ ಸಂಗತಿಯಲ್ಲ. ಆದರೆ ಅಂಗಡಿ ಮಾರಿಹೋಗಿ, ಬೋರ್ಡು ಇಳಿದು, ಎಷ್ಟೋ ವರ್ಷಗಳ ನಂತರ ಬೇರೆ ಯಾರೋ ಬಂದು ಅದೇ ಹೆಸರಿನ ಬೋರ್ಡನ್ನು ಮತ್ತೆ ಏರಿಸಿದರೆ ಏನಾಗುತ್ತದೆ? ಅಮೆರಿಕದಲ್ಲಿ 2021ರಿಂದ 2023ರವರೆಗೆ ನಡೆದ ತಕರಾರು ಈ ಬಗೆಯದು. ಅದರ ಕೇಂದ್ರದಲ್ಲಿದ್ದದ್ದು ಟಿಎಸ್‌ಆರ್ ಎಂಬ ಮೂರು ಅಕ್ಷರ. ಮೇಲ್ನೋಟಕ್ಕೆ ಇದು ಇಬ್ಬರು ವ್ಯಾಪಾರಿಗಳ ಟ್ರೇಡ್‌ಮಾರ್ಕ್ ಜಗಳ. ಒಳಹೊಕ್ಕು ನೋಡಿದರೆ ಬೇರೊಂದು ಪ್ರಶ್ನೆ ಎದುರಾಗುತ್ತದೆ: ಗತಕಾಲದ ಹೆಸರನ್ನು ಎತ್ತಿ ಹಿಡಿಯುವವರು ನಿಜಕ್ಕೂ ಏನನ್ನು ಮರಳಿ ತರಬಯಸುತ್ತಾರೆ? ಈ ಪ್ರಶ್ನೆಗಾಗಿಯೇ ನಾವು ಈ ದೂರದ ಜಗಳವನ್ನು ಇಲ್ಲಿ ಚರ್ಚಿಸುತ್ತಿದ್ದೇವೆ.

ಟಿಎಸ್‌ಆರ್ ಎಂದರೆ 'ಟ್ಯಾಕ್ಟಿಕಲ್ ಸ್ಟಡೀಸ್ ರೂಲ್ಸ್'. 1973ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಚಿಕ್ಕ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಅವರ ಬಾಲ್ಯದ ಗೆಳೆಯ ಡಾನ್ ಕೇ ಕಟ್ಟಿದ ಸಂಸ್ಥೆಯಿದು. 1974ರಲ್ಲಿ ಅದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದಿತು. ಗೈಗ್ಯಾಕ್ಸ್ ಮತ್ತು ಮಿನ್ನೆಸೋಟದ ಡೇವ್ ಆರ್ನೆಸನ್ ಸೇರಿ ರೂಪಿಸಿದ ಆಟವದು. ಮೊದಲ ಮುದ್ರಣ ಕೇವಲ ಸಾವಿರ ಪ್ರತಿ.

ಈ ಆಟದ ಪರಿಚಯವಿಲ್ಲದವರಿಗೆ ಒಂದೆರಡು ಮಾತು ಹೇಳಬೇಕು. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕತೆಯ ಸನ್ನಿವೇಶವನ್ನು ಹೇಳುತ್ತಾ ಹೋಗುತ್ತಾರೆ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ, ಆ ಸನ್ನಿವೇಶದಲ್ಲಿ ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಪ್ರತಿ ಪಾತ್ರಕ್ಕೂ ಒಂದು ಹಾಳೆ ಇರುತ್ತದೆ. ಅದರ ಮೇಲೆ ಅಂಕಿಗಳು: ದೇಹಬಲ ಇಷ್ಟು, ಬುದ್ಧಿ ಇಷ್ಟು, ವಿವೇಕ ಇಷ್ಟು. ಪಾತ್ರದ ಕುಲ ಯಾವುದೆಂದೂ ಬರೆದಿರುತ್ತದೆ. ಅದು ಮನುಷ್ಯನಿರಬಹುದು, ಕುಳ್ಳನಿರಬಹುದು, ಎಲ್ಫ್ ಎಂಬ ಕಾಡಿನ ಜೀವಿಯಿರಬಹುದು. ಈ ಹಾಳೆಯನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ವಾದವೆಲ್ಲ ಕೊನೆಗೆ ಈ ಅಂಕಿಗಳ ಬಳಿಗೇ ಬರಲಿದೆ.

ಸಂಸ್ಥೆಯ ಚರಿತ್ರೆ ಮೊದಲಿನಿಂದಲೂ ಹಕ್ಕಿನ ಜಗಳಗಳ ಚರಿತ್ರೆಯೇ. ಡಾನ್ ಕೇ 1975ರ ಆರಂಭದಲ್ಲೇ ತೀರಿಕೊಂಡರು. ಟೋಲ್ಕಿನ್ ಕಾದಂಬರಿಗಳ 'ಹಾಬಿಟ್' ಎಂಬ ಹೆಸರನ್ನು ಆಟದಲ್ಲಿ ಬಳಸಿಕೊಂಡಿದ್ದಕ್ಕೆ ಆ ಹಕ್ಕುದಾರರಿಂದ ಆಕ್ಷೇಪ ಬಂದು, ಅದನ್ನು 'ಹಾಫ್‌ಲಿಂಗ್' ಎಂದು ಬದಲಿಸಬೇಕಾಯಿತು. ತನಗೆ ಸಲ್ಲಬೇಕಾದ ಗೌರವಧನ ಸಿಗಲಿಲ್ಲವೆಂದು ಆರ್ನೆಸನ್ 1979ರಲ್ಲಿ ದಾವೆ ಹೂಡಿದರು. ಅದು 1981ರಲ್ಲಿ ರಾಜಿಯಲ್ಲಿ ಮುಗಿಯಿತು. 1985ರಲ್ಲಿ ಗೈಗ್ಯಾಕ್ಸ್ ತಾವೇ ಕಟ್ಟಿದ ಸಂಸ್ಥೆಯ ಮೇಲಿನ ಹಿಡಿತ ಕಳೆದುಕೊಂಡು ಹೊರನಡೆದರು. ಅಲ್ಲಿಗೂ ಮುಗಿಯಲಿಲ್ಲ. 1992ರಲ್ಲಿ ಅವರು ಬೇರೊಂದು ಪ್ರಕಾಶನದಿಂದ ಹೊಸ ಆಟ ತಂದಾಗ ಟಿಎಸ್‌ಆರ್ ಅವರ ಮೇಲೆಯೇ ಮೊಕದ್ದಮೆ ಹೂಡಿತು. ಟಿಎಸ್‌ಆರ್‌ನ ಸ್ಥಾಪಕನಿಗೆ ಎದುರು ಕಕ್ಷಿ ಟಿಎಸ್‌ಆರ್! ಹೆಸರು ಮತ್ತು ಮನುಷ್ಯ ಆಗಲೇ ಬೇರೆ ಬೇರೆಯಾಗಿದ್ದರು.

ಸಾಲದಲ್ಲಿ ಮುಳುಗಿದ್ದ ಸಂಸ್ಥೆಯನ್ನು 1997ರಲ್ಲಿ 'ವಿಝರ್ಡ್ಸ್ ಆಫ್ ದಿ ಕೋಸ್ಟ್' ಎಂಬ ಕಂಪನಿ ಕೊಂಡುಕೊಂಡಿತು. ಅದನ್ನು 1999ರಲ್ಲಿ ಆಟಿಕೆಗಳ ದೈತ್ಯ ಕಂಪನಿ ಹ್ಯಾಸ್‌ಬ್ರೋ ಕೊಂಡಿತು. ಆಟ ಬೆಳೆಯಿತು. ಆದರೆ ಹೊಸ ಪುಸ್ತಕಗಳ ಮುಖಪುಟದಿಂದ ಟಿಎಸ್‌ಆರ್ ಎಂಬ ಮೂರಕ್ಷರ ಮಾಯವಾಯಿತು. ಗೈಗ್ಯಾಕ್ಸ್ 2008ರಲ್ಲಿ, ಆರ್ನೆಸನ್ 2009ರಲ್ಲಿ ತೀರಿಕೊಂಡರು.

ಟ್ರೇಡ್‌ಮಾರ್ಕ್ ಕಾಯ್ದೆಯ ಒಂದು ಸ್ವಭಾವ ಇಲ್ಲಿ ಮುಖ್ಯ. ಪುಸ್ತಕದ ಕೃತಿಸ್ವಾಮ್ಯ ಲೇಖಕ ಸತ್ತ ಮೇಲೂ ದಶಕಗಳ ಕಾಲ ಉಳಿಯುತ್ತದೆ. ಯಾರೂ ಓದದಿದ್ದರೂ ಉಳಿಯುತ್ತದೆ. ಟ್ರೇಡ್‌ಮಾರ್ಕ್ ಹಾಗಲ್ಲ. ಅದು ಬಳಕೆಯಲ್ಲಿ ಇರುವಷ್ಟು ಕಾಲ ಮಾತ್ರ ಬದುಕುತ್ತದೆ. ಅಮೆರಿಕದ ಕಾಯ್ದೆಯ ಪ್ರಕಾರ ಸತತ 3 ವರ್ಷ ಬಳಸದೆ ಬಿಟ್ಟರೆ ಮಾಲೀಕ ಅದನ್ನು ಕೈಬಿಟ್ಟಿದ್ದಾನೆಂದು ಮೊದಲ ನೋಟಕ್ಕೆ ಊಹಿಸಲಾಗುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಮಾಲೀಕನದು. ನಮ್ಮ ದೇಶದ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲೂ 5 ವರ್ಷ ಬಳಸದ ಚಿಹ್ನೆಯನ್ನು ತೆಗೆದುಹಾಕಲು ಅವಕಾಶವಿದೆ. ಇದರ ಹಿಂದಿನ ತರ್ಕ ಸರಳ. ಟ್ರೇಡ್‌ಮಾರ್ಕ್ ಇರುವುದು ಸರಕು ಎಲ್ಲಿಂದ ಬಂತೆಂದು ಗ್ರಾಹಕನಿಗೆ ತಿಳಿಯಲಿ ಎಂದು. ಸರಕೇ ಇಲ್ಲದಿದ್ದರೆ ಗುರುತು ಯಾತಕ್ಕೆ?

ಹೀಗೆ ಖಾಲಿಬಿದ್ದಂತೆ ಕಂಡ ಹೆಸರನ್ನು 2011ರಲ್ಲಿ ಜೇಸನ್ ಎಲಿಯಟ್ ಎಂಬ ಅಭಿಮಾನಿ ನೋಂದಾಯಿಸಿಕೊಂಡರು. ಗೈಗ್ಯಾಕ್ಸ್‌ರ ಇಬ್ಬರು ಮಕ್ಕಳಾದ ಅರ್ನಿ ಮತ್ತು ಲ್ಯೂಕ್ ಮೊದಲಿಗೆ ಜೊತೆಯಾದರು. 'ಗೈಗ್ಯಾಕ್ಸ್' ಎಂಬ ಪತ್ರಿಕೆಯೂ ಕೆಲಕಾಲ ಹೊರಬಂತು. ಮುಂದೆ ಗಡುವಿನೊಳಗೆ ಸಲ್ಲಿಸಬೇಕಾದ ಕಾಗದಪತ್ರ ಸಲ್ಲಿಕೆಯಾಗದೆ ಎಲಿಯಟ್‌ರ ನೋಂದಣಿ ಕೈತಪ್ಪಿತು. ಈ ಸಂದಿಯಲ್ಲಿ ಮತ್ತೊಂದು ಗುಂಪು ಅದೇ ಹೆಸರಿಗೆ ಅರ್ಜಿ ಹಾಕಿ, 2021ರ ಜೂನ್‌ನಲ್ಲಿ ಟಿಎಸ್‌ಆರ್ ಮರಳಿ ಬಂದಿದೆ ಎಂದು ಸಾರಿತು. ಅದರಲ್ಲಿ ಮುಖ್ಯವಾಗಿ ಇದ್ದವರು ಉದ್ಯಮಿ ಜಸ್ಟಿನ್ ಲಾನಾಸಾ, ಸ್ಟೀಫನ್ ಡೈನ್‌ಹಾರ್ಟ್ ಮತ್ತು ಗೈಗ್ಯಾಕ್ಸ್‌ರ ಹಿರಿಯ ಮಗ ಅರ್ನಿ. ಲೇಕ್ ಜಿನೀವಾದಲ್ಲಿ ಹಳೆಯ ಸಂಸ್ಥೆಯ ಕಚೇರಿಯೂ ಅಂಗಡಿಯೂ ಇದ್ದ ಮನೆಯಲ್ಲೇ ಅವರ ವಸ್ತುಸಂಗ್ರಹಾಲಯ ತೆರೆಯಿತು. ಮಗ ಇದ್ದಾನೆ, ಮನೆ ಇದೆ, ಹೆಸರು ಇದೆ; ವಾರಸುದಾರಿಕೆಗೆ ಇನ್ನೇನು ಬೇಕು ಎಂಬ ಧಾಟಿ.

ಆದರೆ ಹೊಸ ಸಂಸ್ಥೆಯ ಮೊದಲ ದಿನಗಳಲ್ಲೇ ಅರ್ನಿ ಗೈಗ್ಯಾಕ್ಸ್ ನೀಡಿದ ಸಂದರ್ಶನವೊಂದು ಬಿರುಗಾಳಿ ಎಬ್ಬಿಸಿತು. ಇಂದಿನ ಆಟಗಾರರ ಬಗ್ಗೆ, ಲಿಂಗ ಪರಿವರ್ತಿತರ ಬಗ್ಗೆ ಅವರು ಹಗುರವಾಗಿ ಮಾತನಾಡಿದ್ದರು. ಹಿಂದಿನ ಕಾಲದ ಆಟಗಾರರಿಗೆ ಈಗ ಜಾಗವಿಲ್ಲದಾಗಿದೆ, ಆ ಜಾಗವನ್ನು ನಾವು ಮರಳಿ ಕೊಡುತ್ತೇವೆ ಎಂಬುದು ಅದರ ಒಟ್ಟು ಧ್ವನಿ. ಪ್ರತಿಭಟನೆ ಎದ್ದಿತು. ತಂದೆಯ ನೆನಪಿನಲ್ಲಿ ವರ್ಷವರ್ಷವೂ ಆಟದ ಸಮ್ಮೇಳನ ನಡೆಸುವ ತಮ್ಮ ಲ್ಯೂಕ್ ಗೈಗ್ಯಾಕ್ಸ್ ತಮಗೂ ಈ ಸಂಸ್ಥೆಗೂ ಸಂಬಂಧವಿಲ್ಲವೆಂದು ಬಹಿರಂಗವಾಗಿ ಹೇಳಿದರು. ಎಲಿಯಟ್ ಅಂತೂ ಆ ಹೆಸರಿನ ಸಹವಾಸವೇ ಬೇಡವೆಂದು ತಮ್ಮ ಸಂಸ್ಥೆಗೆ ಬೇರೆ ಹೆಸರಿಟ್ಟುಕೊಂಡರು. ರಕ್ತಸಂಬಂಧವೇ ವಾರಸುದಾರಿಕೆಯ ಪುರಾವೆಯಾಗಿದ್ದರೆ ಒಂದೇ ತಂದೆಯ ಇಬ್ಬರು ಮಕ್ಕಳು ಹೀಗೆ ಎರಡು ದಡಗಳಲ್ಲಿ ನಿಲ್ಲುತ್ತಿರಲಿಲ್ಲ.

2021ರ ಡಿಸೆಂಬರ್‌ನಲ್ಲಿ ಈ ಹೊಸ ಟಿಎಸ್‌ಆರ್ ವಿಝರ್ಡ್ಸ್ ಕಂಪನಿಯ ವಿರುದ್ಧವೇ ನ್ಯಾಯಾಲಯಕ್ಕೆ ಹೋಯಿತು. ಹಳೆಯ ಟ್ರೇಡ್‌ಮಾರ್ಕ್‌ಗಳು ತನ್ನವೆಂದು ಘೋಷಿಸಬೇಕೆಂಬುದು ಬೇಡಿಕೆ. ಅದಕ್ಕಾಗಿ ಸಾರ್ವಜನಿಕರಿಂದ ಹಣ ಸಂಗ್ರಹಿಸಲು ಹೊರಟಾಗ ಇನ್ನೊಂದು ಬೇಡಿಕೆಯನ್ನೂ ಮುಂದಿಟ್ಟಿತ್ತು. ನಮ್ಮ ಮಟ್ಟಿಗೆ ಇಡೀ ಪ್ರಕರಣದ ಬೀಗದ ಕೈ ಇಲ್ಲಿದೆ.

2020ರಲ್ಲಿ ವಿಝರ್ಡ್ಸ್ ಕಂಪನಿ ಹಳೆಯ ಪುಸ್ತಕಗಳ ಡಿಜಿಟಲ್ ಪ್ರತಿಗಳನ್ನು ಮಾರುವ ಪುಟಗಳಲ್ಲಿ ಒಂದು ಎಚ್ಚರಿಕೆಯ ಟಿಪ್ಪಣಿ ಸೇರಿಸಿತ್ತು. ಈ ಪುಸ್ತಕಗಳಲ್ಲಿ ಆ ಕಾಲದ ಜನಾಂಗೀಯ, ಲಿಂಗಸಂಬಂಧಿ ಪೂರ್ವಗ್ರಹಗಳು ಇರಬಹುದು, ಅವು ಆಗಲೂ ತಪ್ಪು, ಈಗಲೂ ತಪ್ಪು, ಆದರೆ ಪುಸ್ತಕವನ್ನು ತಿದ್ದದೆ ಇದ್ದಂತೆಯೇ ಕೊಡುತ್ತಿದ್ದೇವೆ ಎಂಬುದು ಅದರ ಸಾರ. ಆ ಟಿಪ್ಪಣಿಯನ್ನು ತೆಗೆಸುವುದೂ ನಮ್ಮ ಗುರಿ ಎಂದಿತು ಹೊಸ ಟಿಎಸ್‌ಆರ್. ಅಂದರೆ ಕೇಳಿದ್ದು ಬರಿಯ ಹೆಸರನ್ನಲ್ಲ, ಕಳಂಕವಿಲ್ಲದ ಗತಕಾಲವನ್ನು. ಗತಕಾಲವನ್ನು ಪ್ರೀತಿಸುವುದು ಒಂದು, ಅದನ್ನು ತೊಳೆದಿಡುವುದು ಇನ್ನೊಂದು. ನೆನಪಿನ ಹೆಸರಿನಲ್ಲಿ ನಡೆಯುವ ರಾಜಕಾರಣವೆಲ್ಲ ಈ ಎರಡರ ನಡುವಿನ ಗೆರೆಯನ್ನು ಅಳಿಸಲು ಹೊರಡುತ್ತದೆ.

ಆ ಗತಕಾಲದಲ್ಲಿ ಏನಿತ್ತು ಎಂದು ಪುಸ್ತಕಗಳನ್ನೇ ತೆರೆದು ನೋಡಬಹುದು. 1978ರ ಆಟಗಾರರ ಕೈಪಿಡಿಯಲ್ಲಿ ಹೆಣ್ಣು ಪಾತ್ರದ ದೇಹಬಲಕ್ಕೆ ಗಂಡಿನದಕ್ಕಿಂತ ಕಡಿಮೆ ಮಿತಿಯನ್ನು ನಿಯಮವಾಗಿಯೇ ಬರೆದಿಡಲಾಗಿದೆ. ಬೆಂಕಿಯುಗುಳುವ ಡ್ರ್ಯಾಗನ್ ಇರುವ, ಮಂತ್ರ ಹೇಳಿದರೆ ಮನುಷ್ಯ ಹಾರುವ ಲೋಕವದು. ಅಲ್ಲಿ ಹೆಣ್ಣೊಬ್ಬಳು ಗಂಡಿನಷ್ಟೇ ಬಲಶಾಲಿಯಾಗುವುದು ಮಾತ್ರ ಅಸಂಭವ! ಅದೇ ಆಟದ ಆರಂಭದ ಪ್ರಯೋಗಗಳಿಗೆ ಗೈಗ್ಯಾಕ್ಸ್ ಮೊದಲು ಕೂರಿಸಿಕೊಂಡದ್ದು ತಮ್ಮ ಇಬ್ಬರು ಮಕ್ಕಳನ್ನು. ಒಬ್ಬ ಈ ಅರ್ನಿ, ಇನ್ನೊಬ್ಬಳು ಅವನ ತಂಗಿ. ಮೇಜಿನ ಬಳಿ ಹೆಣ್ಣುಮಗು ಮೊದಲ ದಿನದಿಂದಲೇ ಇತ್ತು. ನಿಯಮ ಪುಸ್ತಕ ಆಮೇಲೆ ಬಂದು ಅವಳ ಪಾತ್ರದ ಬಲವನ್ನು ಕಡಿತಗೊಳಿಸಿತು. 'ಹಿಂದೆ ಇವರೆಲ್ಲ ಇರಲಿಲ್ಲ, ಈಗ ನುಗ್ಗಿದ್ದಾರೆ' ಎನ್ನುವ ವಾದಕ್ಕೆ ಆ ಹಿಂದಿನ ಕಾಲವೇ ಕೊಡುವ ಉತ್ತರವಿದು.

2022ರಲ್ಲಿ ಹೊಸ ಟಿಎಸ್‌ಆರ್ ತಯಾರಿಸುತ್ತಿದ್ದ 'ಸ್ಟಾರ್ ಫ್ರಾಂಟಿಯರ್ಸ್: ನ್ಯೂ ಜೆನೆಸಿಸ್' ಎಂಬ ಆಟದ ಕರಡು ಹೊರಬಿತ್ತು. 'ಸ್ಟಾರ್ ಫ್ರಾಂಟಿಯರ್ಸ್' ಹಳೆಯ ಟಿಎಸ್‌ಆರ್ 1982ರಲ್ಲಿ ತಂದಿದ್ದ ಬಾಹ್ಯಾಕಾಶದ ಆಟ. ಕರಡಿನಲ್ಲಿ ಮನುಷ್ಯರನ್ನೇ ಜನಾಂಗಗಳಾಗಿ ಒಡೆದು, ಕಪ್ಪು ಜನರಿಗೆ ಅವಹೇಳನದ ಹಳೆಯ ಹೆಸರಿಟ್ಟು, ಅವರಿಗೆ ಬುದ್ಧಿಯ ಗರಿಷ್ಠ ಮಿತಿಯನ್ನೂ 'ನಾರ್ಡಿಕ್' ಎಂಬ ಬಿಳಿಯರಿಗೆ ಬುದ್ಧಿಯ ಕನಿಷ್ಠ ಮಟ್ಟವನ್ನೂ ನಿಗದಿ ಮಾಡಲಾಗಿದೆ ಎಂದು ವರದಿಗಳು ಬಂದವು. 2022ರ ಸೆಪ್ಟೆಂಬರ್‌ನಲ್ಲಿ ವಿಝರ್ಡ್ಸ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೋರಿದಾಗ ಇದೇ ಅದರ ದೂರಿನ ಮುಖ್ಯ ಭಾಗವಾಯಿತು.

ಆಗ ಹೇಳಿದ ಆ ಹಾಳೆಯನ್ನು ಈಗ ನೆನೆಯಬೇಕು. ಕಾದಂಬರಿಯಲ್ಲಿ ಒಬ್ಬ ಪಾತ್ರಧಾರಿ ಜನಾಂಗದ್ವೇಷದ ಮಾತಾಡಿದರೆ ಓದುಗ ಅವನೊಂದಿಗೆ ಜಗಳವಾಡಬಹುದು, ಪುಸ್ತಕ ಮುಚ್ಚಿಡಬಹುದು. ಭಾಷಣಕ್ಕೆ ಎದುರು ಭಾಷಣ ಮಾಡಬಹುದು. ಆದರೆ ಪೂರ್ವಗ್ರಹ ಆಟದ ನಿಯಮವಾದಾಗ ಅದು ಅಭಿಪ್ರಾಯವಾಗಿ ಉಳಿಯುವುದಿಲ್ಲ, ಲೆಕ್ಕವಾಗುತ್ತದೆ. ಇಂಥ ಮನುಷ್ಯನ ಬುದ್ಧಿ ಇಷ್ಟೇ ಎಂದು ಕೋಷ್ಟಕದಲ್ಲಿ ಬರೆದಿದ್ದರೆ, ದಾಳ ಉರುಳಿಸುವ ಹುಡುಗ ಅದನ್ನು ಕೂಡಿ ಕಳೆದು ಮುಂದಕ್ಕೆ ಹೋಗುತ್ತಾನೆ. ಒಪ್ಪಬೇಕೋ ಬೇಡವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ತಲೆಬುರುಡೆ ಅಳೆದು ಜನಾಂಗಗಳ ಬುದ್ಧಿಯನ್ನು ಶ್ರೇಣೀಕರಿಸಿದ 19ನೇ ಶತಮಾನದ ಹುಸಿ ವಿಜ್ಞಾನವೂ ಇದನ್ನೇ ಮಾಡಿತ್ತು. ದ್ವೇಷಕ್ಕೆ ಅಂಕಿಯ ಅಂಗಿ ತೊಡಿಸಿತ್ತು. ಹುಟ್ಟಿನಿಂದಲೇ ಯೋಗ್ಯತೆ ಗೊತ್ತುಮಾಡುವ ವ್ಯವಸ್ಥೆಯನ್ನು ಬಲ್ಲ ಸಮಾಜಕ್ಕೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟಾದರೂ ಹಳೆಯ ಟಿಎಸ್‌ಆರ್ ಎಂದರೆ ಇದೊಂದೇ ಎನ್ನುವುದು ಅನ್ಯಾಯವಾಗುತ್ತದೆ. ನಮ್ಮ ಓದುಗರಿಗೆ ವಿಶೇಷ ಆಸಕ್ತಿ ಹುಟ್ಟಿಸಬಹುದಾದ ಒಂದು ಉದಾಹರಣೆ ಇದೆ. 1992ರಲ್ಲಿ ಆ ಸಂಸ್ಥೆ 'ಅಲ್-ಖದೀಮ್' ಎಂಬ ಸರಣಿಯನ್ನು ತಂದಿತು. ಜೆಫ್ ಗ್ರಬ್ ರೂಪಿಸಿದ ಇದರ ಕಥಾಲೋಕದ ಹೆಸರು ಜಖಾರ. ಅಲ್ಲಿ ಮಹಾ ಖಲೀಫನಿದ್ದಾನೆ, ಮರಳುಗಾಡಿದೆ, ಜಿನ್ನ್‌ಗಳಿವೆ. ಅರೇಬಿಯನ್ ನೈಟ್ಸ್ ಮತ್ತು ಹಾಲಿವುಡ್ ಸಿನಿಮಾಗಳಿಂದ ಕಟ್ಟಿದ ಅರಬ್ ಲೋಕವಿದು. ಇದರಲ್ಲಿ ದೋಷಗಳು ಬೇಕಾದಷ್ಟಿವೆ. 'ಶಾಯಿರ್' ಎಂದರೆ ಅರಬಿಯಲ್ಲೂ ಉರ್ದುವಿನಲ್ಲೂ ಕವಿ. ಈ ಆಟದಲ್ಲಿ ಅವನು ಜಿನ್ನ್‌ಗಳಿಂದ ಕೆಲಸ ಮಾಡಿಸಿಕೊಳ್ಳುವ ಮಾಂತ್ರಿಕ! ಕವಿಗೆ ಜಿನ್ನ್ ಪ್ರೇರಣೆ ಕೊಡುತ್ತದೆಂಬ ಪ್ರಾಚೀನ ಅರಬರ ನಂಬಿಕೆ ಇದರ ಹಿಂದೆ ಇರಬಹುದು. ಆದರೆ ಕವಿ ಹೋಗಿ ಜಿನ್ನ್ ಮಾತ್ರ ಉಳಿದದ್ದು ಪೌರ್ವಾತ್ಯವಾದಿ ಕಣ್ಣಿನ ಹಳೆಯ ಅಭ್ಯಾಸ. ಎಡ್ವರ್ಡ್ ಸೈದ್ 1978ರಲ್ಲೇ ಆ ಅಭ್ಯಾಸವನ್ನು ಹಿಡಿದು ತೋರಿಸಿದ್ದರು.

ಹೀಗಿದ್ದೂ ಆ ಪುಸ್ತಕದಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಆಟದ ಉಳಿದ ಲೋಕಗಳಲ್ಲಿ ಓರ್ಕ್ ಎಂಬ ಕುಲ ಹುಟ್ಟಾ ದುಷ್ಟ, ಕಂಡಲ್ಲಿ ಕೊಲ್ಲಬೇಕಾದದ್ದು. ಜಖಾರದ ಪೇಟೆಯಲ್ಲಿ ಮಾತ್ರ ಓರ್ಕ್, ಎಲ್ಫ್, ಮನುಷ್ಯ ಎಲ್ಲರೂ ಒಂದೇ ನಾಗರಿಕತೆಯ ಮಕ್ಕಳಾಗಿ ಅಕ್ಕಪಕ್ಕ ಬದುಕುತ್ತಾರೆ. ಅಲ್ಲಿ ಕುಲಕ್ಕಿಂತ ನಡತೆ ದೊಡ್ಡದು. ಅರಬರನ್ನು ಸಿನಿಮಾದಲ್ಲಷ್ಟೇ ಕಂಡವರೂ, ಬಹುಕುಲಗಳ ನಗರವೊಂದನ್ನು ಕಲ್ಪಿಸಬೇಕಾದಾಗ ಅರಬರ ಪೇಟೆಯಲ್ಲೇ ಅದನ್ನು ಕಂಡರು ಎಂಬುದು ಕುತೂಹಲದ ವಿಷಯ. ಟಿಎಸ್‌ಆರ್‌ನ ಪರಂಪರೆಯನ್ನು ಮರಳಿ ತರುವುದೇ ಆಗಿದ್ದರೆ ಇದೂ ಅದೇ ಪರಂಪರೆಯ ಭಾಗವಲ್ಲವೇ? ಹಳೆಯ ಪೆಟ್ಟಿಗೆಯಿಂದ ಯಾವುದನ್ನು ಆರಿಸಿ ಹೊರತೆಗೆಯುತ್ತೇವೆ ಎಂಬುದು ಪೆಟ್ಟಿಗೆಗಿಂತ ಹೆಚ್ಚಾಗಿ ತೆಗೆಯುವವರ ಬಗ್ಗೆ ಹೇಳುತ್ತದೆ.

ಇನ್ನು ನ್ಯಾಯಾಲಯದ ಮಾತು. ವಿಝರ್ಡ್ಸ್ ಕಂಪನಿಯ ವಾದ ಎರಡು ಎಳೆಗಳಲ್ಲಿತ್ತು. ಒಂದು, ನೋಂದಣಿ ಇಲ್ಲದಿದ್ದರೂ ಹಳೆಯ ಪುಸ್ತಕಗಳನ್ನು ಅವೇ ಚಿಹ್ನೆಗಳೊಂದಿಗೆ ಮಾರುತ್ತಲೇ ಇದ್ದೇವೆ, ಆದ್ದರಿಂದ ಅವನ್ನು ಕೈಬಿಟ್ಟಿಲ್ಲ. ಎರಡು, ಇಂಥ ಹೇಯ ಸರಕು ನಮ್ಮ ಹೆಸರಿನಲ್ಲಿ ಬಂದರೆ ನಮ್ಮ ಕೀರ್ತಿಗೆ ಧಕ್ಕೆ. ಕಾನೂನಿನ ದೃಷ್ಟಿಯಿಂದ ಇದು ಸಮರ್ಪಕ ವಾದವೇ. ಆದರೆ ವಿಮರ್ಶೆ ಇಲ್ಲಿ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಈ ಮೊಕದ್ದಮೆಯಲ್ಲಿ ಜನಾಂಗದ್ವೇಷ ಕಾಣಿಸಿಕೊಳ್ಳುವುದು ಯಾವ ರೂಪದಲ್ಲಿ? ಒಂದು ಕಂಪನಿಯ ಬ್ರಾಂಡಿಗೆ ತಗಲುವ ನಷ್ಟವಾಗಿ. ಬುದ್ಧಿಗೆ ಮಿತಿ ಹಾಕಿಸಿಕೊಂಡ ಕಪ್ಪು ಮನುಷ್ಯ ಇಲ್ಲಿ ಕಕ್ಷಿದಾರನಲ್ಲ, ಸಾಕ್ಷಿಯೂ ಅಲ್ಲ. ಟ್ರೇಡ್‌ಮಾರ್ಕ್ ಕಾಯ್ದೆಗೆ ಅವನ ಮಾನ ಕಾಣುವುದಿಲ್ಲ, ಚಿಹ್ನೆಯ ಮಾನ ಕಾಣುತ್ತದೆ. ಅದು ಕಾಯ್ದೆಯ ತಪ್ಪಲ್ಲ, ಅದರ ಕೆಲಸವೇ ಅಷ್ಟು. ಆದರೆ ಅದರ ಗೆಲುವನ್ನು ಸಮಾನತೆಯ ಗೆಲುವೆಂದು ನಾವು ಎಣಿಸಬಾರದು.

ಏಕೆಂದರೆ ವಿಝರ್ಡ್ಸ್ ಕಂಪನಿಯೂ ಹಾಲಿನಲ್ಲಿ ಮಿಂದು ಬಂದದ್ದಲ್ಲ. ತಡೆಯಾಜ್ಞೆ ಕೋರಿದ ಅದೇ 2022ರ ಸೆಪ್ಟೆಂಬರ್‌ನಲ್ಲಿ ಅದು ತನ್ನ ಆಟಗಾರರ ಕ್ಷಮೆ ಕೇಳಬೇಕಾಗಿ ಬಂತು. ಆಗತಾನೇ ಹೊರತಂದಿದ್ದ 'ಸ್ಪೆಲ್‌ಜ್ಯಾಮರ್' ಪುಸ್ತಕದಲ್ಲಿ, ಹಿಂದೆ ಗುಲಾಮಗಿರಿಗೆ ಒಳಗಾಗಿದ್ದ ಕೋತಿಯಂಥ ಕುಲವೊಂದರ ವಿವರಣೆ ಕಪ್ಪು ಜನರನ್ನು ಹಂಗಿಸುತ್ತಿದ್ದ ಹಳೆಯ ವ್ಯಂಗ್ಯಚಿತ್ರಗಳನ್ನು ನೆನಪಿಸುವಂತಿತ್ತು. ಟೀಕೆ ಬಂದ ಮೇಲೆ ಆ ಭಾಗವನ್ನು ತೆಗೆದುಹಾಕಿತು. ಹಳೆಯ ಪುಸ್ತಕಕ್ಕೆ ಎಚ್ಚರಿಕೆಯ ಟಿಪ್ಪಣಿ ಅಂಟಿಸುವುದು ಸುಲಭ, ಹೊಸ ಪುಸ್ತಕ ಬರೆಯುವಾಗ ಎಚ್ಚರವಾಗಿರುವುದು ಕಷ್ಟ. ಆದರೂ ಒಂದು ವ್ಯತ್ಯಾಸವನ್ನು ಗುರುತಿಸಲೇಬೇಕು. ಒಬ್ಬರು ತಪ್ಪು ತೋರಿಸಿದಾಗ ತಿದ್ದಿಕೊಂಡರು, ಇನ್ನೊಬ್ಬರು ತಪ್ಪನ್ನು ತೋರಿಸುವ ಟಿಪ್ಪಣಿಯನ್ನೇ ಕಿತ್ತುಹಾಕಲು ಕೋರ್ಟಿಗೆ ಹೊರಟರು.

ಆದರೆ ಮಾಲೀಕತ್ವದ ಹಸಿವಿನಲ್ಲಿ ದೊಡ್ಡ ಕಂಪನಿಯೇನೂ ಹಿಂದೆ ಬೀಳಲಿಲ್ಲ. ಇತರರೂ ಈ ಆಟದ ನಿಯಮಗಳನ್ನು ಬಳಸಿ ಪುಸ್ತಕ ಬರೆಯಲು 2000ದಲ್ಲಿ ಅದೇ ಒಂದು ಮುಕ್ತ ಪರವಾನಗಿ ಕೊಟ್ಟಿತ್ತು. ನೂರಾರು ಸಣ್ಣ ಪ್ರಕಾಶಕರು ಅದನ್ನು ನಂಬಿ ಬದುಕು ಕಟ್ಟಿಕೊಂಡರು. 2023ರ ಜನವರಿಯಲ್ಲಿ ಅದನ್ನು ರದ್ದುಮಾಡುವ ಯೋಜನೆ ಬಯಲಾಯಿತು. ಆಟಗಾರರು ತಿರುಗಿಬಿದ್ದರು. ಕೊನೆಗೆ ಕಂಪನಿ ಮಣಿದು, ಆಟದ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಹಿಂದಕ್ಕೆ ಪಡೆಯಲಾಗದ ಪರವಾನಗಿ ಅದು. ಇತ್ತ ಹೊಸ ಟಿಎಸ್‌ಆರ್ 2023ರ ಜೂನ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಮೂರು ಅಕ್ಷರಗಳ ಬೆನ್ನುಹತ್ತಿದ ದಂಡಯಾತ್ರೆ ಸಾಲಗಾರರ ಪಟ್ಟಿಯಲ್ಲಿ ಬಂದು ನಿಂತಿತು.

ಇಡೀ ಪ್ರಕರಣದಲ್ಲಿ ವಾರಸುದಾರಿಕೆಗೆ ಮೂರು ಬಗೆಯ ಪುರಾವೆಗಳು ಹಾಜರಾದವು. ಮಗ ಎಂಬುದು ಒಂದು. ಹಳೆಯ ಮನೆ ಎಂಬುದು ಇನ್ನೊಂದು. ಕ್ರಯಪತ್ರ ಎಂಬುದು ಮೂರನೆಯದು. ಕಾನೂನು ಕ್ರಯಪತ್ರವನ್ನೂ ಬಳಕೆಯನ್ನೂ ನೋಡುತ್ತದೆ, ಅದು ಸರಿಯೇ. ಆದರೆ ಸಂಸ್ಕೃತಿಯ ವಿಷಯದಲ್ಲಿ ಈ ಮೂರೂ ಸಾಲವು. ಐದು ದಶಕಗಳಲ್ಲಿ ಈ ಆಟವನ್ನು ಉಳಿಸಿದವರು ಸ್ಥಾಪಕರ ಸಂತಾನವೂ ಅಲ್ಲ, ಕಂಪನಿಯ ಷೇರುದಾರರೂ ಅಲ್ಲ. ಮೇಜಿನ ಸುತ್ತ ಇನ್ನೊಂದು ಕುರ್ಚಿ ಎಳೆದು, ನೀನೂ ಬಾ ಎಂದು ಹೊಸಬರನ್ನು ಕರೆದವರು. 1980ರ ದಶಕದಲ್ಲಿ ಇದು ಸೈತಾನನ ಆಟವೆಂದು ಅಮೆರಿಕದ ಮಡಿವಂತರು ಹುಯಿಲೆಬ್ಬಿಸಿದಾಗ ಊರಿನ ಕಣ್ಣಿಗೆ ಗುರಿಯಾದವರು ಇದೇ ಆಟಗಾರರು. ಹೊರಗಿನವರೆಂದು ಕರೆಸಿಕೊಂಡ ನೋವನ್ನು ಉಂಡವರಲ್ಲಿ ಕೆಲವರು, ಕಾಲ ಬಂದಾಗ ಬಾಗಿಲಲ್ಲಿ ನಿಂತು ಇತರರನ್ನು ಹೊರಗಿನವರೆಂದು ಕರೆಯತೊಡಗಿದ್ದು ಈ ಕತೆಯ ನಿಜವಾದ ದುರಂತ.

ಹಳೆಯ ಹೆಸರೊಂದನ್ನು ಎತ್ತಿಕೊಂಡು ಯಾರಾದರೂ ಬಂದಾಗ ನಾವು ಕೇಳಬೇಕಾದ ಪ್ರಶ್ನೆ ದಾಖಲೆ ಎಲ್ಲಿದೆ ಎಂಬುದಷ್ಟೇ ಅಲ್ಲ. ಅದನ್ನು ನ್ಯಾಯಾಧೀಶರು ಕೇಳಿಕೊಳ್ಳುತ್ತಾರೆ. ಈ ಹೆಸರಿನ ಅಡಿಯಲ್ಲಿ ಯಾರಿಗೆ ಕುರ್ಚಿ ಇದೆ, ಯಾರ ಹಾಳೆಯ ಮೇಲೆ ಮೊದಲೇ ಅಂಕಿ ಬರೆದಿಟ್ಟಿದ್ದೀರಿ ಎಂದು ಕೇಳುವ ಕೆಲಸ ಮಾತ್ರ ನಮ್ಮೆಲ್ಲರದು.